ಮೊದಲು ಬೀಳೋದು, ಆಮೇಲೆ ಬೀಳಿಸೋದು: ಮಲೆನಾಡಿನ ಮಕ್ಕಳಿಗೆ ರಗ್ಬಿ ಕಲಿಸುವ ಬಗ್ಗೆ

(ಶಿವಮೊಗ್ಗದಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ರಗ್ಬಿ ಅಂದ ಕೂಡಲೇ ಪೋಷಕರು ಕೇಳುವುದು, "ಕೈಕಾಲು ಮುರಿಯಲ್ವಾ ಸಾರ್?" ಮೇಷ್ಟ್ರುಗಳು ಕೇಳುವುದು, "ತಂಡ ರೆಡಿ ಆಗೋಕೆ ಎಷ್ಟು ದಿನ ಬೇಕು?" ಇವರಿಬ್ಬರ ಪ್ರಶ್ನೆ ಬೇರೆ ಬೇರೆ ಅನ್ನಿಸುತ್ತದೆ. ಆದರೆ ಮೈದಾನದಲ್ಲಿ ನಿಂತು ನೋಡಿದರೆ ಎರಡೂ ಒಂದೇ. ಬೀಳೋಕೆ ಹೆದರುವ ಹುಡುಗ ಕಣ್ಣು ಮುಚ್ಚಿಕೊಂಡು, ತಲೆ ತಗ್ಗಿಸಿಕೊಂಡು ಎದುರಾಳಿಯ ಮೇಲೆ ನುಗ್ಗುತ್ತಾನೆ. ಪೆಟ್ಟು ಬೀಳುವುದೂ ಅವನಿಗೇ, ಹಿಡಿತ ತಪ್ಪುವುದೂ ಅವನದ್ದೇ. ಬೀಳೋದನ್ನು ಚೆನ್ನಾಗಿ ಕಲಿತವನು ಕಣ್ಣು ಬಿಟ್ಟುಕೊಂಡು ಹೋಗುತ್ತಾನೆ, ಹಿಡಿಯುತ್ತಾನೆ. ಹಾಗಾಗಿ ಸುರಕ್ಷತೆಗೆ ಒಂದು ಪಾಠ, ಗೆಲ್ಲೋದಕ್ಕೆ ಇನ್ನೊಂದು ಪಾಠ ಅಂತ ನಾನು ಇಟ್ಟುಕೊಂಡಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಶಾಲೆಗಳಿಗೆ ಹೊಂದುವುದು ಏಳು ಜನರ ರಗ್ಬಿ, ಸೆವೆನ್ಸ್. ಏಳೇಳು ನಿಮಿಷದ ಎರಡು ಅವಧಿ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಎದುರು ತಂಡದ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಐದು ಅಂಕ. ಅದಕ್ಕೆ ಟ್ರೈ ಅನ್ನುತ್ತಾರೆ. 2016ರ ರಿಯೋದಿಂದ ಇದು ಒಲಿಂಪಿಕ್ಸ್‌ನಲ್ಲಿದೆ. ಉಳಿದ ನಿಯಮ ಆಡ್ತಾ ಆಡ್ತಾ ಬರುತ್ತದೆ.

ಇದು ಎಲ್ಲಿಂದಲೋ ಬಂದ ಆಟ ಅನ್ನುವವರಿಗೆ ಒಂದು ತಮಾಷೆ ಹೇಳುತ್ತೇನೆ. 1870ರ ದಶಕದಲ್ಲಿ ಕಲ್ಕತ್ತಾದಲ್ಲಿ ಬ್ರಿಟಿಷರ ಒಂದು ರಗ್ಬಿ ಕ್ಲಬ್ ಇತ್ತು. ಜನ ಕಡಿಮೆಯಾಗಿ 1878ರಲ್ಲಿ ಮುಚ್ಚಿತು. ಬ್ಯಾಂಕಿನಲ್ಲಿ ಉಳಿದಿದ್ದ 270 ಬೆಳ್ಳಿ ರೂಪಾಯಿ ಕರಗಿಸಿ ಒಂದು ಕಪ್ ಮಾಡಿಸಿದರು. ಹಿಡಿಕೆಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆ ಕಪ್ಪಿಗಾಗಿ ಬಡಿದಾಡುತ್ತಿವೆ. ನಮ್ಮ ರೂಪಾಯಿ ಅದು! ಸರಿ, ವಿಷಯಕ್ಕೆ ಬರೋಣ.

ನಮ್ಮ ಮಕ್ಕಳು ಬರಿಗೈಯಲ್ಲಿ ಬರುವುದಿಲ್ಲ. ಸಾಗರ, ಸೊರಬ, ಹೊಸನಗರ, ಯಾವ ಕಡೆಯಿಂದ ಬಂದರೂ ಕಬಡ್ಡಿ ಆಡಿಕೊಂಡೇ ಬಂದಿರುತ್ತಾರೆ. ಮೊಣಕಾಲು ಬಗ್ಗಿಸಿ ತಗ್ಗಿ ನಿಲ್ಲೋದು, ಎದುರಿನವನ ಸೊಂಟ ನೋಡಿ ದಿಕ್ಕು ಊಹಿಸೋದು, ಪಕ್ಕದವನ ಜೊತೆ ಸಾಲು ಕಾಯೋದು, ಇದೆಲ್ಲ ಅವರಿಗೆ ಬರುತ್ತದೆ. ಖೋಖೋ ಆಡಿದ ಹೆಣ್ಣುಮಕ್ಕಳ ಕಾಲು ತಿರುಗುವ ವೇಗ ನೋಡಿದರೆ ಯಾವ ಕೋಚ್‌ಗಾದರೂ ಆಸೆ ಹುಟ್ಟಬೇಕು. ಅರ್ಧ ಕೆಲಸ ಆಗಲೇ ಆಗಿದೆ.

ಆದರೆ ಅದೇ ಕಬಡ್ಡಿಯಿಂದ ಮೂರು ಅಭ್ಯಾಸಗಳೂ ಬರುತ್ತವೆ. ಅವನ್ನು ಬಿಡಿಸದೆ ರಗ್ಬಿ ಆಡಿಸಬಾರದು. ಒಂದು, ಡ್ಯಾಶ್. ಭುಜ ಕೊಟ್ಟು ಗೆರೆಯಾಚೆ ತಳ್ಳೋದು ಕಬಡ್ಡಿಯಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ರಗ್ಬಿಯಲ್ಲಿ ಕೈ ಸುತ್ತದೆ ಬರೀ ಭುಜದಿಂದ ಹೊಡೆಯುವುದು ಫೌಲ್. ಎರಡು, ಮೂರ್ನಾಲ್ಕು ಜನ ಸೇರಿ ರೈಡರ್‌ನನ್ನು ಎತ್ತಿ ಹಾಕೋದು. ಇಲ್ಲಿ ಕಾಲು ನೆಲ ಬಿಡಿಸಿ, ತಲೆ ಕೆಳಗಾಗುವಂತೆ ಬೀಳಿಸಿದರೆ ಕೆಂಪು ಕಾರ್ಡ್. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ, ಕುತ್ತಿಗೆ. ಮೂರನೆಯದು ಹೆಚ್ಚು ಅಪಾಯದ್ದು, ಆಂಕಲ್ ಹೋಲ್ಡ್. ಕಬಡ್ಡಿಯಲ್ಲಿ ರೈಡರ್ ಹೆಚ್ಚೂಕಡಿಮೆ ನಿಂತಿರುತ್ತಾನೆ, ಕಾಲು ಹಿಡಿಯಲು ಹಾರಿದವನ ತಲೆಗೆ ಅಷ್ಟು ಏಟಾಗುವುದಿಲ್ಲ. ರಗ್ಬಿಯಲ್ಲಿ ಎದುರಿನವನು ಪೂರ್ತಿ ಓಟದಲ್ಲಿ ಬರುತ್ತಾನೆ. ಆಗ ಹಾರಿದವನ ತಲೆ ನೇರವಾಗಿ ಅವನ ಮೊಣಕಾಲಿಗೆ ಸಿಗುತ್ತದೆ.

ಏಟು ತಿನ್ನುವುದು ಚೆಂಡು ಹಿಡಿದವನು ಅಂತ ಎಲ್ಲರ ಲೆಕ್ಕ ಅಲ್ವಾ? ವೃತ್ತಿಪರ ಆಟಗಾರರ ತಲೆಪೆಟ್ಟುಗಳನ್ನು ವರ್ಲ್ಡ್ ರಗ್ಬಿ ಸಂಸ್ಥೆ ವಿಡಿಯೋ ಹಾಕಿ ನೋಡಿಸಿತು. ತಲೆಪೆಟ್ಟಿನಲ್ಲಿ ಸುಮಾರು ಮುಕ್ಕಾಲು ಪಾಲು ಆಗುವುದು ಟ್ಯಾಕಲ್‌ನಲ್ಲಿ, ಅಂದರೆ ಚೆಂಡು ಹಿಡಿದು ಓಡುವವನನ್ನು ತಡೆದು ಬೀಳಿಸುವಾಗ. ಅದರಲ್ಲೂ ಮುಕ್ಕಾಲು ಪಾಲಿನ ಹತ್ತಿರ ಪೆಟ್ಟಾಗುವುದು ಟ್ಯಾಕಲ್ ಮಾಡಿದವನಿಗೆ. ಅಂದರೆ ಹಿಡಿಯುವವನ ತಲೆ ಎಲ್ಲಿಡಬೇಕು ಅನ್ನುವುದೇ ನಮ್ಮ ಮೊದಲ ಪಾಠ ಆಗಬೇಕು.

ಮೊದಲ ಪಾಠ ಅಂದೆ, ಆದರೆ ಅದಕ್ಕೂ ಮುಂಚೆ ಬೀಳೋದು. ಚೆಂಡನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಳ್ಳಬೇಕು. ಗದ್ದ ಎದೆಗೆ ತಾಗಿರಬೇಕು. ಮೊದಲು ಮೊಣಕಾಲು, ಆಮೇಲೆ ಸೊಂಟದ ಪಕ್ಕ, ಆಮೇಲೆ ಭುಜದ ಹಿಂಭಾಗ, ಹೀಗೆ ಮೈ ಉರುಳಿಕೊಂಡು ನೆಲ ಸೇರಬೇಕು. ಕೈ ಚಾಚಿ ನೆಲಕ್ಕೆ ಊರಬಾರದು. ಊರಿದರೆ ಮಣಿಕಟ್ಟು, ಇಲ್ಲವೇ ಕಾಲರ್ ಮೂಳೆ. ಚೆಂಡು ಕೈಯಲ್ಲಿದ್ದರೆ ಒಂದು ಅನುಕೂಲ, ಬಿಟ್ಟು ಕೈ ಊರಬೇಡ ಅಂದರೆ ಮಕ್ಕಳು ಆಟ ಅಂದುಕೊಂಡೇ ಕಲಿಯುತ್ತಾರೆ. ಮೊಣಕಾಲೂರಿ ಕೂತು ಬೀಳೋದು, ಕುಕ್ಕರುಗಾಲಲ್ಲಿ, ನಿಂತು, ನಡೆಯುತ್ತಾ, ಆ ಮೇಲೆ ನಿಧಾನ ಓಟದಲ್ಲಿ. ಬಲಕ್ಕೆ ಬಿದ್ದಷ್ಟೇ ಸಲ ಎಡಕ್ಕೂ.

ಇದಕ್ಕೆ ಮಳೆಗಾಲ ಹೇಳಿ ಮಾಡಿಸಿದ್ದು. ತೀರ್ಥಹಳ್ಳಿ, ಆಗುಂಬೆ ಕಡೆಯ ಮೇಷ್ಟ್ರುಗಳಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಮೈದಾನ ಅನ್ನುವುದೇ ಇರುವುದಿಲ್ಲ. ಶಾಲೆಯ ಸಭಾಂಗಣದಲ್ಲೋ ಜಗಲಿಯಲ್ಲೋ ಕಬಡ್ಡಿ ಮ್ಯಾಟ್ ಹಾಸಿ ಈ ಅಭ್ಯಾಸ ಮಾಡಿಸಿ. ಮ್ಯಾಟ್ ಇಲ್ಲದಿದ್ದರೆ ಗೋಣಿಚೀಲಕ್ಕೆ ಒಣ ಹುಲ್ಲು ತುಂಬಿ ಹೊಲಿದು ಸಾಲಾಗಿ ಹಾಸಿ. ಅಡಿಕೆ ಬೆಳೆಯುವ ಊರಿನಲ್ಲಿ ಗೋಣಿಗೆ ಬರವೇ? ಅದೇ ಚೀಲ ಆಮೇಲೆ ಟ್ಯಾಕಲ್ ಅಭ್ಯಾಸಕ್ಕೂ ಆಗುತ್ತದೆ.

ಈಗ ಹಿಡಿಯೋದು. ಇದನ್ನೂ ಮೊಣಕಾಲ ಮೇಲೆ ಕೂತೇ ಶುರು ಮಾಡಿಸುತ್ತೇನೆ. ಇಬ್ಬರೂ ಎದುರುಬದುರು ಮೊಣಕಾಲೂರಿ ಕೂರುತ್ತಾರೆ. ಚೆಂಡು ಹಿಡಿದವನು ಪಕ್ಕಕ್ಕೆ ಸ್ವಲ್ಪ ಸರಿಯುತ್ತಾನೆ. ಹಿಡಿಯುವವನು ಭುಜವನ್ನು ಅವನ ಸೊಂಟದ ಕೆಳಗೆ ಇಟ್ಟು, ಎರಡೂ ತೋಳು ಸುತ್ತಿ ಬಿಗಿಯಬೇಕು. ತಲೆ ಅವನ ಮೈಯ ಹಿಂದಿನ ಪಕ್ಕದಲ್ಲಿರಬೇಕು, ಮುಂದೆ ಇರಬಾರದು. ಮಕ್ಕಳಿಗೆ ನಾನು ಹೇಳುವುದು ಇಷ್ಟೇ: "ನಿನ್ನ ಕಿವಿ ಅವನ ಚಡ್ಡಿಯ ಹಿಂದಿನ ಜೇಬಿಗೆ ತಾಗಬೇಕು." ಕಣ್ಣು ತೆರೆದಿರಬೇಕು, ಬೆನ್ನು ನೆಟ್ಟಗಿರಬೇಕು. ಬಿದ್ದಾಗ ಹಿಡಿದವನು ಮೇಲೆ, ಅವನ ತಲೆ ಇಬ್ಬರ ಮೈಯ ಮಧ್ಯೆ ಸಿಗದೆ ಹೊರಗೆ.

ಕಳೆದ ವರ್ಷ ಒಬ್ಬ ಹುಡುಗಿ ಬಲಭುಜದಲ್ಲಿ ಹಿಡಿದರೆ ಕೈಗನ್ನಡಿ ಹಿಡಿದು ತೋರಿಸಬೇಕು, ಅಷ್ಟು ಚೆಂದ. ಎಡಗಡೆಯಿಂದ ಆಟಗಾರ್ತಿ ಬಂದರೆ ಮಾತ್ರ ಎಡಭುಜ ಕೊಡುತ್ತಿರಲಿಲ್ಲ. ಅಲ್ಲಿಗೂ ಬಲಭುಜವನ್ನೇ ತಿರುಗಿಸಿಕೊಂಡು ಹೋಗುತ್ತಿದ್ದಳು. ಆಗ ತಲೆ ತಾನಾಗಿಯೇ ಓಡುವವಳ ಎದುರಿಗೆ ಬೀಳುತ್ತಿತ್ತು. ಅವಳಿಗೆ "ಧೈರ್ಯ ಮಾಡು" ಅಂದರೆ ಏನು ಪ್ರಯೋಜನ? ಧೈರ್ಯಕ್ಕೆ ಕೊರತೆಯೇ ಇರಲಿಲ್ಲ. ಮತ್ತೆ ಮೊಣಕಾಲ ಮೇಲೆ ಕೂರಿಸಿ ಬರೀ ಎಡಭುಜ ಮಾಡಿಸಿದೆವು. ಅವಳಿಗೆ ಸಿಟ್ಟು ಬಂತು, ಚಿಕ್ಕ ಮಕ್ಕಳ ಪಾಠಕ್ಕೆ ಹಾಕಿದರು ಅಂತ. ಪರವಾಗಿಲ್ಲ, ಸಿಟ್ಟಿಗೆ ಔಷಧಿ ಬೇಕಿಲ್ಲ. ನಿಮ್ಮ ತಂಡದಲ್ಲೂ ನೋಡಿ, ಒಂದೇ ಭುಜದ ಮಕ್ಕಳು ಎಷ್ಟು ಜನ ಇದ್ದಾರೆ ಅಂತ.

ಎತ್ತರದ ವಿಷಯ. ನಿಯಮದ ಪ್ರಕಾರ ಭುಜಕ್ಕಿಂತ ಮೇಲೆ ಹಿಡಿಯುವ ಹಾಗಿಲ್ಲ. ಫ್ರಾನ್ಸ್‌ನಲ್ಲಿ 2018ರಲ್ಲಿ ಕೆಲವು ಯುವ ಆಟಗಾರರು ಸತ್ತ ಮೇಲೆ, 2019ರಲ್ಲಿ ಹವ್ಯಾಸಿ ಆಟದಲ್ಲಿ ಟ್ಯಾಕಲ್ ಸೊಂಟಕ್ಕೆ ಇಳಿಸಿದರು. ಇಬ್ಬರು ಒಟ್ಟಿಗೆ ಒಬ್ಬನ ಮೇಲೆ ಬೀಳೋದನ್ನೂ ನಿಲ್ಲಿಸಿದರು. ಇಂಗ್ಲೆಂಡ್ 2023ರಲ್ಲಿ ಎದೆಮೂಳೆಯ ಕೆಳಗೆ ಅಂತ ಮಾಡಿತು. ನಮ್ಮ ಅಭ್ಯಾಸದಲ್ಲಿ ಯಾರೂ ಕೇಳುವುದಿಲ್ಲ, ನಾವೇ ಸೊಂಟ ಅಂತ ಗೆರೆ ಹಾಕಿಕೊಂಡರಾಯಿತು.

ನೆಲದ ಬಗ್ಗೆ ನಾನು ಸ್ವಲ್ಪ ಹಟಮಾರಿ. ನಮ್ಮ ಎಷ್ಟೋ ಶಾಲಾ ಮೈದಾನ ಜಂಬಿಟ್ಟಿಗೆ ಮಣ್ಣು. ಫೆಬ್ರವರಿಗೆ ಬಂದರೆ ಕಲ್ಲಿನ ಹಾಗೆ, ಮೇಲೆ ಚರಳು ಬೇರೆ. ಅಲ್ಲಿ ಟ್ಯಾಕಲ್ ಬೇಡವೇ ಬೇಡ. ಮುಟ್ಟಾಟದ ರಗ್ಬಿ ಆಡಿಸಿ, ಟಚ್ ಅಥವಾ ಟ್ಯಾಗ್. ಹಳೇ ಪಂಚೆ ಹರಿದು ಪಟ್ಟಿ ಮಾಡಿ ಸೊಂಟದ ಎರಡೂ ಕಡೆ ಸಿಕ್ಕಿಸಿ, ಪಟ್ಟಿ ಕಿತ್ತರೆ ಹಿಡಿದ ಲೆಕ್ಕ. ಟ್ಯಾಕಲ್‌ಗೆ ಮೆತ್ತಗಿನ ಜಾಗ ಹುಡುಕಿ: ಮಳೆ ನಿಂತ ಮೇಲೆ ಹುಲ್ಲಿರುವ ಮೈದಾನ, ಮರಳು, ಕುಸ್ತಿಯ ಗರಡಿ ಮಣ್ಣು. ಶಿವಮೊಗ್ಗದಲ್ಲಿ ದಸರಾ ಕುಸ್ತಿ ಇನ್ನೂ ಇದೆ, ಗರಡಿಯವರನ್ನು ಕೇಳಿದರೆ ಜಾಗ ಕೊಡಬಹುದು, ಬೀಳೋದನ್ನು ನಮಗಿಂತ ಚೆನ್ನಾಗಿ ಕಲಿಸಿಕೊಡಲೂಬಹುದು.

ಕೆಸರುಗದ್ದೆ ಆಟ ಇದೆಯಲ್ಲ ಅಂತ ಯಾರೋ ನಗುತ್ತಿದ್ದೀರಿ. ಖಂಡಿತ ಆಡಿಸಿ, ಮಕ್ಕಳಿಗೆ ಬೀಳುವ ಭಯ ಹೋಗುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಕಾಲಲ್ಲಿ ಗಾಯ ಇರುವವರನ್ನು ಇಳಿಸಬೇಡಿ, ಆಟ ಮುಗಿದ ಕೂಡಲೇ ಸೋಪು ಹಾಕಿ ತೊಳೆಸಿ. ಇಲಿಜ್ವರ ಹೆಚ್ಚಾಗಿ ಗಾಯದ ಮೂಲಕ ಮೈಗೆ ಹತ್ತುವುದು. ಆಟವಾಗಿ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಕೆಸರಿಗೆ ಇಳಿದಿದ್ದೆ ಅಂತ ಡಾಕ್ಟರಿಗೆ ಹೇಳಲು ಮಕ್ಕಳಿಗೆ ಕಲಿಸಿ.

ಇನ್ನು ವಾರ್ಮ್ ಅಪ್. ನಮ್ಮಲ್ಲಿ ವಾರ್ಮ್ ಅಪ್ ಅಂದರೆ ಮೈದಾನಕ್ಕೆ ಎರಡು ಸುತ್ತು, ಮೇಷ್ಟ್ರು ಫೋನಿನಲ್ಲಿ. ಇಂಗ್ಲೆಂಡಿನಲ್ಲಿ ಬಾತ್ ವಿಶ್ವವಿದ್ಯಾಲಯದವರು 14ರಿಂದ 18 ವಯಸ್ಸಿನ ಶಾಲಾ ಹುಡುಗರ ಮೇಲೆ ಒಂದು ಪ್ರಯೋಗ ಮಾಡಿ 2017ರಲ್ಲಿ ಪ್ರಕಟಿಸಿದರು. ಆಕ್ಟಿವೇಟ್ ಅಂತ ಅದರ ಹೆಸರು. ದಿಕ್ಕು ಬದಲಿಸುವ ಓಟ, ಒಂಟಿಕಾಲಿನ ಸಮತೋಲನ, ಮೈಭಾರದ ಕಸರತ್ತು, ಜಿಗಿದು ಇಳಿಯೋದು, ಎಲ್ಲ ಸೇರಿ 20 ನಿಮಿಷ. ವಾರಕ್ಕೆ ಮೂರು ಸಲ ತಪ್ಪದೆ ಮಾಡಿದ ತಂಡಗಳಲ್ಲಿ ಪಂದ್ಯದ ಗಾಯ ಶೇಕಡಾ 72ರಷ್ಟು ಕಡಿಮೆ, ತಲೆಪೆಟ್ಟು ಶೇಕಡಾ 59ರಷ್ಟು ಕಡಿಮೆ. ಸಾಮಾನು ಬೇಕಿಲ್ಲ, ದುಡ್ಡು ಬೇಕಿಲ್ಲ. ವಾರಕ್ಕೆ ಮೂರು ಸಲ ಅನ್ನುವುದೇ ನಮಗೆ ಕಷ್ಟ. ಅಲ್ಲಿಯೂ ವಾರಕ್ಕೊಮ್ಮೆ ಮಾಡಿದವರಿಗೆ ಅಷ್ಟು ಲಾಭ ಆಗಲಿಲ್ಲ.

ಎಂಟನೇ ಕ್ಲಾಸಿನ ಸಾಲು ನಿಲ್ಲಿಸಿ ನೋಡಿ. ಒಬ್ಬನಿಗೆ ಮೀಸೆ ಚಿಗುರಿದೆ, ಪಕ್ಕದವನ ತೂಕ ಅವನ ಅರ್ಧ. ಹುಡುಗರು 14ರ ಆಸುಪಾಸಿನಲ್ಲಿ, ಹುಡುಗಿಯರು 12ರ ಆಸುಪಾಸಿನಲ್ಲಿ ದಿಢೀರ್ ಎತ್ತರ ಆಗುತ್ತಾರೆ. ಆದರೆ ಎಲ್ಲರೂ ಒಟ್ಟಿಗೆ ಅಲ್ಲ. ಜನ್ಮ ದಿನಾಂಕ ನೋಡಿ ಟ್ಯಾಕಲ್ ಜೋಡಿ ಮಾಡಬೇಡಿ, ಮೈಕಟ್ಟು ನೋಡಿ ಮಾಡಿ. ನ್ಯೂಜಿಲೆಂಡಿನಲ್ಲಿ ಮಕ್ಕಳ ತಂಡಗಳನ್ನು ತೂಕದ ಮೇಲೂ ವಿಂಗಡಿಸುವ ಪದ್ಧತಿ ಇದೆ. ದೊಡ್ಡ ಹುಡುಗನಿಗೂ ಇದರಿಂದ ಲಾಭ. ಚಿಕ್ಕವರನ್ನು ಸುಮ್ನೆ ಗುದ್ದಿಕೊಂಡು ಟ್ರೈ ಹೊಡೆದವನಿಗೆ ಪಾಸು ಕೊಡೋದು, ತಪ್ಪಿಸಿಕೊಳ್ಳೋದು ಬರುವುದೇ ಇಲ್ಲ. ಹೈಸ್ಕೂಲು ಮುಗಿಯುವಷ್ಟರಲ್ಲಿ ಉಳಿದವರೂ ದೊಡ್ಡವರಾಗುತ್ತಾರೆ, ಇವನ ಆಟ ಮುಗಿಯಿತು.

ಈಗ ತಲೆ. ಇದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಅಭ್ಯಾಸ ಪಂದ್ಯದಲ್ಲಿ ಒಬ್ಬ ಹುಡುಗ ಡಿಕ್ಕಿಯಾಗಿ ಬಿದ್ದ. ತಕ್ಷಣ ಎದ್ದ. ಎಲ್ಲರೂ ಚಪ್ಪಾಳೆ. ಮುಂದಿನ ಸಲ ಆಟ ಶುರುವಾದಾಗ ಅವನು ಎದುರು ತಂಡದ ಸಾಲಿನಲ್ಲಿ ನಿಂತಿದ್ದ. ಹುಡುಗರಿಗೆ ನಗು. ಹೊರಗೆ ಕರೆದು ಕೂರಿಸಿದೆ. ಸ್ಕೋರ್ ಎಷ್ಟು ಸಾರ್ ಅಂದ, ಹೇಳಿದೆ. ಶೂ ಲೇಸ್ ಬಿಚ್ಚಿದ, ಕಟ್ಟಿದ. ಸ್ಕೋರ್ ಎಷ್ಟು ಸಾರ್ ಅಂದ. ಇದು ಕನ್‌ಕಶನ್, ಮಿದುಳು ಅಲುಗಾಡಿದ ಪೆಟ್ಟು. ರಕ್ತ ಇಲ್ಲ, ಊತ ಇಲ್ಲ, ಪ್ರಜ್ಞೆ ತಪ್ಪಿರಲೂ ಇಲ್ಲ. ಬಹುಪಾಲು ಕನ್‌ಕಶನ್‌ನಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ. ಅದನ್ನೇ ನಾವು ಕಾಯುತ್ತಾ ಕೂರುತ್ತೇವೆ.

ಇದರಲ್ಲಿ ಎರಡನೇ ಪೆಟ್ಟು ಸಾವಿಗೂ ಕಾರಣ ಆಗಬಹುದು. ಮೊದಲನೆಯದು ವಾಸಿಯಾಗುವ ಮೊದಲೇ ಇನ್ನೊಂದು ಬಿದ್ದರೆ ಮಿದುಳು ಊದಿಕೊಳ್ಳಬಹುದು. ಕೆನಡಾದ ಒಟ್ಟಾವಾದಲ್ಲಿ ರೋವನ್ ಸ್ಟ್ರಿಂಗರ್ ಅನ್ನುವ 17 ವರ್ಷದ ಹುಡುಗಿ, ಶಾಲಾ ರಗ್ಬಿ ತಂಡದ ನಾಯಕಿ, 2013ರ ಮೇ ತಿಂಗಳಲ್ಲಿ ಹೀಗೇ ತೀರಿಕೊಂಡಳು. ಕೊನೆಯ ಪಂದ್ಯಕ್ಕೆ ಮುಂಚಿನ ದಿನಗಳಲ್ಲೇ ತಲೆಗೆ ಪೆಟ್ಟಾಗಿತ್ತು. ಅವಳು ಮೊಬೈಲಿನಲ್ಲಿ ಕನ್‌ಕಶನ್ ಅಂದರೇನು ಅಂತ ಹುಡುಕಿಯೂ ಇದ್ದಳು. ಮನೆಯವರಿಗೆ, ಕೋಚ್‌ಗೆ ಹೇಳಿರಲಿಲ್ಲ. ಆಟದಿಂದ ಹೊರಗೆ ಕೂರಿಸುತ್ತಾರೆ ಅನ್ನುವ ಭಯ ಯಾವ ಊರಿನ ಮಕ್ಕಳಿಗೂ ಒಂದೇ. 2018ರಲ್ಲಿ ಒಂಟಾರಿಯೋ ಪ್ರಾಂತ್ಯ ಅವಳ ಹೆಸರಿನಲ್ಲಿ ಕಾನೂನನ್ನೇ ಮಾಡಿತು.

ಬ್ರಿಟನ್ 2023ರಲ್ಲಿ ಎಲ್ಲ ಹವ್ಯಾಸಿ ಆಟಗಳಿಗೂ ಒಂದು ಮಾರ್ಗಸೂಚಿ ತಂದಿದೆ. ಅನುಮಾನ ಬಂದರೆ ಹೊರಗೆ ಕೂರಿಸಿ, ಅವತ್ತು ಮತ್ತೆ ಇಳಿಸಬೇಡಿ. ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಮೊಬೈಲೂ ಕಡಿಮೆ. ಆಮೇಲೆ ನಿಧಾನಕ್ಕೆ ನಡಿಗೆ, ಓದು, ಲಘು ಓಟ. ಕನಿಷ್ಠ 14 ದಿನ ಯಾವ ಲಕ್ಷಣವೂ ಇಲ್ಲದೆ ಕಳೆದ ಮೇಲೆ ಮಾತ್ರ ಮೈ ತಾಗುವ ಅಭ್ಯಾಸ. ಪಂದ್ಯ 21 ದಿನಕ್ಕಿಂತ ಮುಂಚೆ ಇಲ್ಲವೇ ಇಲ್ಲ. ನಮ್ಮ ಕ್ರೀಡಾಕೂಟದಲ್ಲಿ ಬೆಳಿಗ್ಗೆ ಲೀಗ್, ಮಧ್ಯಾಹ್ನ ಸೆಮಿಫೈನಲ್, ಸಂಜೆ ಫೈನಲ್. ಬೆಳಿಗ್ಗೆ ಪೆಟ್ಟಾದವನಿಗೆ ಮಧ್ಯಾಹ್ನ "ಈಗ ಹೆಂಗಿದೀಯಾ?" ಅಂತ ಕೇಳಿದರೆ ಅವನು ಏನು ಹೇಳುತ್ತಾನೆ? ಕೇಳಲೇಬೇಡಿ.

ಗೆರೆಯ ಹೊರಗೆ ನಿಂತವರ ವೈದ್ಯವೂ ಒಂದಿದೆ. ಮುಖಕ್ಕೆ ಚೊಂಬು ನೀರು, ಮೂಗಿಗೆ ಈರುಳ್ಳಿ, ಇಬ್ಬರು ಕೈ ಇಬ್ಬರು ಕಾಲು ಹಿಡಿದು ಎತ್ತಿಕೊಂಡು ಓಡೋದು. ಇನ್ನೊಬ್ಬರು ಬಂದು ಕುತ್ತಿಗೆ ಲಟಕ್ ಅನ್ನಿಸಿ ನರ ಕೂರಿಸುತ್ತೇನೆ ಅನ್ನುತ್ತಾರೆ. ದಯವಿಟ್ಟು ಅವರನ್ನು ದೂರ ಇಡಿ. ಬಿದ್ದವನಿಗೆ ಕುತ್ತಿಗೆ ನೋವಿದ್ದರೆ, ಕೈಕಾಲು ಜುಮ್ ಅನ್ನುತ್ತಿದ್ದರೆ ಅಥವಾ ಪ್ರಜ್ಞೆ ಇಲ್ಲದಿದ್ದರೆ ಅವನನ್ನು ಅಲುಗಾಡಿಸದೆ, ತಲೆ ಕದಲದಂತೆ ಎರಡೂ ಕೈಯಿಂದ ಹಿಡಿದುಕೊಳ್ಳಿ, ಉಸಿರಾಟ ನೋಡುತ್ತಿರಿ, 108ಕ್ಕೆ ಫೋನ್ ಮಾಡಿ. ಪದೇ ಪದೇ ವಾಂತಿ, ಫಿಟ್ಸ್, ಎರಡೆರಡು ಕಾಣೋದು, ಜಾಸ್ತಿ ಆಗುತ್ತಲೇ ಹೋಗುವ ತಲೆನೋವು, ತೂಕಡಿಕೆ, ಇವೂ ಅಷ್ಟೇ, ನೇರ ಆಸ್ಪತ್ರೆ. ಘಟ್ಟದ ಮೇಲಿನ ಊರುಗಳಲ್ಲಿ ನೆಟ್‌ವರ್ಕ್ ಸಿಗುವ ಜಾಗ ಯಾವ ಮೂಲೆ ಅಂತ ಆಟಕ್ಕೆ ಮುಂಚೆಯೇ ನೋಡಿಟ್ಟುಕೊಳ್ಳಿ. ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ ಅಂತಲೂ.

ಪ್ರಶ್ನೆಗಳಿಗೆ ಬರೋಣ.

ಒಬ್ಬ ತಾಯಿ ಕೇಳಿದರು, ಹೆಲ್ಮೆಟ್ ಕೊಡಿಸಿದರೆ ಆಗಲ್ವಾ ಅಂತ. ಆಗಲ್ಲ ಅಮ್ಮಾ. ರಗ್ಬಿಯ ಮೆತ್ತನೆ ಟೋಪಿ ಕಿವಿ ಉಜ್ಜೋದು, ಚರ್ಮ ತರಚೋದು ತಪ್ಪಿಸುತ್ತದೆ. ಒಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ದುಡ್ಡು ಹಾಕುವುದಾದರೆ ಮೌತ್‌ಗಾರ್ಡ್‌ಗೆ ಹಾಕಿ. ಬಿಸಿನೀರಲ್ಲಿ ಅದ್ದಿ ಹಲ್ಲಿಗೆ ಒತ್ತಿ ಅಚ್ಚು ಮಾಡಿಕೊಳ್ಳುವಂಥದ್ದು ಸಿಗುತ್ತದೆ. ಹಲ್ಲು ಉಳಿಯುತ್ತದೆ.

ಸ್ಕ್ರಮ್ ಕಲಿಸೋದು ಯಾವಾಗ ಅಂತ ಭದ್ರಾವತಿಯ ಮೇಷ್ಟ್ರು ಕೇಳಿದ್ದಾರೆ. ತಲೆ ಭುಜ ಜೋಡಿಸಿ ಎರಡು ತಂಡ ತಳ್ಳಾಡುವ ಭಾಗ ಅದು. ಸೆವೆನ್ಸ್‌ನಲ್ಲಿ ಒಂದೊಂದು ತಂಡದಿಂದ ಮೂರು ಜನ ಮಾತ್ರ. ನನ್ನ ಅಭಿಪ್ರಾಯ ಕೇಳಿದರೆ ಹೈಸ್ಕೂಲಿನಲ್ಲಿ ತಳ್ಳಾಟವೇ ಬೇಡ, ಜೋಡಿಸಿ ನಿಂತು ಚೆಂಡು ತೆಗೆದರೆ ಸಾಕು. 19ರ ಒಳಗಿನವರಿಗೆ ಒಂದೂವರೆ ಮೀಟರಿಗಿಂತ ಹೆಚ್ಚು ತಳ್ಳುವ ಹಾಗಿಲ್ಲ ಅಂತ ನಿಯಮವೇ ಇದೆ. ನ್ಯೂಜಿಲೆಂಡ್ 2001ರಲ್ಲಿ ಕೋಚ್‌ಗಳಿಗೂ ರೆಫರಿಗಳಿಗೂ ಪ್ರತಿವರ್ಷ ಸುರಕ್ಷತಾ ತರಬೇತಿ ಕಡ್ಡಾಯ ಮಾಡಿತು. ಆಮೇಲೆ ಸ್ಕ್ರಮ್‌ನಲ್ಲಿ ಬೆನ್ನುಹುರಿ ಮುರಿದುಕೊಳ್ಳುವವರು ತೀರಾ ಕಡಿಮೆಯಾದರು. ಮಕ್ಕಳಿಗಿಂತ ಮುಂಚೆ ಅವರು ಪಾಠ ಹೇಳಿದ್ದು ನಮ್ಮಂಥವರಿಗೆ.

ಹೆಣ್ಣುಮಕ್ಕಳಿಗೆ ಈ ಆಟ ಸರಿಯಾ ಅಂತ ಒಂದು ಚೀಟಿ ಬಂದಿದೆ. 2019ರಲ್ಲಿ ಮನಿಲಾದಲ್ಲಿ ಸಿಂಗಾಪುರವನ್ನು ಸೋಲಿಸಿ ಭಾರತದ ಹೆಣ್ಣುಮಕ್ಕಳು 15 ಜನರ ರಗ್ಬಿಯಲ್ಲಿ ಮೊದಲ ಅಂತರರಾಷ್ಟ್ರೀಯ ಗೆಲುವು ಕಂಡರು. ಸರಿಯಾ ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಕಲಿಸುವಾಗ ಮಾತ್ರ ಒಂದು ಗಮನ ಇರಲಿ. ಚಿಕ್ಕಂದಿನಲ್ಲಿ ಗುದ್ದಾಡಿ ಬೀಳುವ ಅವಕಾಶ ಹುಡುಗರಿಗೆ ಸಿಕ್ಕಷ್ಟು ಹುಡುಗಿಯರಿಗೆ ನಾವು ಕೊಟ್ಟಿರುವುದಿಲ್ಲ. ಬೀಳುವ ಪಾಠ ಅವರಿಗೆ ಇನ್ನೂ ನಾಲ್ಕು ವಾರ ಜಾಸ್ತಿ ಮಾಡಿಸಿ. ಕುತ್ತಿಗೆ ಬಲದ ಕಸರತ್ತು ಸೇರಿಸಿ. ಅಂಗೈ ಹಣೆಗೆ ಒತ್ತಿ ತಲೆ ಅಲುಗದಂತೆ ತಡೆಯೋದು, ಹಾಗೇ ಹಿಂದೆ, ಎರಡೂ ಪಕ್ಕ.

ಕೊನೆಯ ಪ್ರಶ್ನೆ ನೇರವಾಗಿದೆ. "ಮುಂದಿನ ತಿಂಗಳೇ ಪಂದ್ಯ ಇದೆ, ಮಕ್ಕಳಿಗೆ ಇನ್ನೂ ಟ್ಯಾಕಲ್ ಬರಲ್ಲ, ಏನು ಮಾಡೋದು?" ಕ್ರೀಡಾಕೂಟದ ಪಟ್ಟಿ ನಮ್ಮ ಮಳೆ ನೋಡಿಕೊಂಡು ಮಾಡಿದ್ದಲ್ಲ, ನಿಮ್ಮ ಕಷ್ಟ ಗೊತ್ತು. ಸಂಘಟಕರ ಜೊತೆ ಮಾತಾಡಿ, ಕಿರಿಯರ ಪಂದ್ಯವನ್ನು ಟಚ್ ನಿಯಮದಲ್ಲಿ ಆಡಿಸಲು ಕೇಳಿ. ಎದುರು ತಂಡದ ಮೇಷ್ಟ್ರಿಗೂ ಬಹುಶಃ ಅದೇ ಬೇಕಾಗಿರುತ್ತದೆ, ಯಾರಾದರೂ ಮೊದಲು ಬಾಯಿ ಬಿಡಲಿ ಅಂತ ಕಾಯುತ್ತಿರುತ್ತಾರೆ. ಒಪ್ಪದಿದ್ದರೆ ಎರಡೂ ಭುಜದಲ್ಲಿ ಸರಿಯಾಗಿ ಹಿಡಿಯಲು ಬರುವವರನ್ನಷ್ಟೇ ಕರೆದುಕೊಂಡು ಹೋಗಿ. ಏಳು ಜನ ಆಗದಿದ್ದರೆ ಈ ವರ್ಷ ಹೆಸರು ಕೊಡಬೇಡಿ. ಹೆಡ್ಮಾಸ್ಟರ್ ಕೇಳಿದರೆ ನನ್ನ ಹೆಸರು ಹೇಳಿ.